ಬೆಳಕಿನ ಲೆಕ್ಕ

ನಾನು ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವನು. ಜಾತ್ರೆ ಮುಗಿದ ಮರುದಿನ ದಾಸೋಹದ ಲೆಕ್ಕವನ್ನು ಭಕ್ತರ ಎದುರಿನಲ್ಲಿ ಓದಿಸುವ ಪದ್ಧತಿ ಆಗ ಇದ್ದಿತು. ಎಷ್ಟು ಚೀಲ ಜೋಳ ಬಂದಿತು, ಎಷ್ಟು ವೆಚ್ಚವಾಯಿತು, ಎಷ್ಟು ಉಳಿಯಿತು ಎಂಬುದನ್ನು ಉಗ್ರಾಣದ ಹಿರಿಯರು ನಿಂತು ಓದುವರು. ಒಂದು ಸೇರು ಜೋಳವನ್ನು ತಂದೊಪ್ಪಿಸಿದ ಮುದುಕಿಯೂ ಎದ್ದು ಪ್ರಶ್ನೆ ಕೇಳಬಹುದಾಗಿದ್ದಿತು. ಪೂಜ್ಯರು ಅದನ್ನು ಅವಿನಯವೆಂದು ಎಣಿಸದೆ, ಉತ್ತರ ದೊರೆಯುವವರೆಗೂ ಕುಳಿತಿರುತ್ತಿದ್ದರು. ಬಹುಕಾಲ ಕಳೆದ ಮೇಲೆ, ವಿದ್ಯುತ್ ದರದ ವಿಚಾರಣೆಯೊಂದರಲ್ಲಿ ಆ ದೃಶ್ಯ ನನ್ನ ಕಣ್ಣ ಮುಂದೆ ಬಂದು ನಿಲ್ಲುವುದೆಂದು ನಾನು ಎಣಿಸಿರಲಿಲ್ಲ.

ನಮ್ಮ ನಾಡಿಗೂ ವಿದ್ಯುತ್ತಿಗೂ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಆದರೆ ಆ ಬೆಳಕಿನ ಬೆಲೆಯನ್ನು ಗೊತ್ತುಮಾಡುವಾಗ ಜನಸಾಮಾನ್ಯನ ಮಾತನ್ನು ಕೇಳುವ ಏರ್ಪಾಡು ಬಹುಕಾಲ ಇರಲಿಲ್ಲ. ದರ ಮೇಲಿನಿಂದ ಇಳಿದು ಬರುತ್ತಿತ್ತು. ನಾವು ತೆರುತ್ತಿದ್ದೆವು, ಇಲ್ಲವೆ ಗೊಣಗುತ್ತಿದ್ದೆವು. 1999ರ ಸುಧಾರಣಾ ಅಧಿನಿಯಮದಿಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹುಟ್ಟಿತು. ಹಳೆಯ ಮಂಡಳಿಯ ಸ್ಥಾನಕ್ಕೆ ಪ್ರಸರಣ ನಿಗಮ ಬಂದಿತು. 2002ರಲ್ಲಿ ವಿತರಣೆಯ ಹೊಣೆ ಪ್ರಾದೇಶಿಕ ಕಂಪನಿಗಳ ಪಾಲಾಯಿತು. ಕೇಂದ್ರದ 2003ರ ವಿದ್ಯುಚ್ಛಕ್ತಿ ಅಧಿನಿಯಮದ 64ನೆಯ ಪ್ರಕರಣವಂತೂ, ದರದ ಅರ್ಜಿಯ ಸಾರಾಂಶವನ್ನು ಪ್ರಕಟಿಸಬೇಕು, ಸಾರ್ವಜನಿಕರ ಸಲಹೆ ಆಕ್ಷೇಪಣೆಗಳನ್ನು ಪರಿಶೀಲಿಸಿದ ಬಳಿಕವೇ ಆದೇಶ ಹೊರಡಿಸಬೇಕು ಎಂದು ವಿಧಿಸಿದೆ. ಉಗ್ರಾಣದ ಲೆಕ್ಕವನ್ನು ಭಕ್ತರ ಮುಂದೆ ಓದುವ ನಮ್ಮ ಹಳೆಯ ಕ್ರಮವೇ ಇಲ್ಲಿ ಶಾಸನದ ವೇಷದಲ್ಲಿ ಬಂದಿದೆ.

ಇಷ್ಟೆಲ್ಲ ತಿಳಿದು ನಾನು ಆಯೋಗದ ಮುಂದೆ ಹೋದವನಲ್ಲ, ಸಿಟ್ಟಿನಿಂದ ಹೋದವನು. ಒಂದು ಬೇಸಗೆಯಲ್ಲಿ ನಮ್ಮ ಹೊಲಗಳ ಟಿ.ಸಿ. ಸುಟ್ಟುಹೋಯಿತು. ಅದನ್ನು ಬದಲಿಸಲು ಹದಿನೆಂಟು ದಿನಗಳು ಹಿಡಿದುವು. ನನ್ನ ಎರಡು ಎಕರೆ ಶೇಂಗಾ ಕಣ್ಣೆದುರಿಗೇ ಬಾಡಿತು. ಅದೇ ವರ್ಷ ದರ ಹೆಚ್ಚಿಸಬೇಕೆಂಬ ಅರ್ಜಿಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಿತು. ಪ್ರಸಾದನಿಲಯದ ಗೆಳೆಯರೊಬ್ಬರು ವಕೀಲರಾಗಿದ್ದರು. ಅವರ ನೆರವಿನಿಂದ ಕನ್ನಡದಲ್ಲಿಯೇ ಆಕ್ಷೇಪಣೆ ಬರೆದು, ಪ್ರಮಾಣಪತ್ರ ಸಹಿತ ಕಳುಹಿಸಿದೆ. ಗ್ರಾಮಾಂತರದಲ್ಲಿ ಕೆಟ್ಟ ಟಿ.ಸಿ.ಯನ್ನು 72 ಗಂಟೆಗಳೊಳಗೆ ಬದಲಿಸಬೇಕೆಂದು ಆಯೋಗದ 2004ರ ನಿಯಮಾವಳಿ ಗೊತ್ತುಮಾಡಿದ್ದಿತೆಂದು ನಾನು ತಿಳಿದದ್ದು ಆಗಲೇ.

ವಿಚಾರಣೆಯ ದಿನ ಸಭಾಂಗಣ ತುಂಬಿದ್ದಿತು. ನನ್ನ ಸರದಿ ಬಂದಾಗ ಹದಿನೆಂಟು ದಿನಗಳ ಕಥೆಯನ್ನು ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಹಿಗ್ಗಿ, ಸೋರಿಕೆಯ ಲೆಕ್ಕವನ್ನು ಸರಿಯಾಗಿ ಕೊಡದೆ ದರವನ್ನೇಕೆ ಕೇಳುತ್ತೀರಿ ಎಂದೂ ಸೇರಿಸಿದೆ. ಆಗ ಪೀಠದಿಂದ ಬಹು ಸಾವಧಾನವಾಗಿ ಒಂದು ಪ್ರಶ್ನೆ ಬಂದಿತು: "ತಮ್ಮ ಪಂಪ್‌ಸೆಟ್ಟಿಗೆ ಮೀಟರು ಇದೆಯೆ?"

ನಾನು ಉತ್ತರಿಸಲಾರದೆ ನಿಂತೆ. ಮೀಟರು ಹಾಕಲು ಬಂದವರನ್ನು ಊರ ಅಗಸಿಯಿಂದಲೇ ಮರಳಿ ಕಳುಹಿಸಿದವರಲ್ಲಿ ನಾನೂ ಒಬ್ಬನಾಗಿದ್ದೆ.

2008ರಿಂದ ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ಅದರ ವೆಚ್ಚವನ್ನು ಸರ್ಕಾರ ಕಂಪನಿಗಳಿಗೆ ತುಂಬಿಕೊಡಬೇಕು. ಮುಂಗಡವಾಗಿಯೇ ಕೊಡಬೇಕೆಂಬುದು ಕೇಂದ್ರ ಅಧಿನಿಯಮದ 65ನೆಯ ಪ್ರಕರಣ. ಆದರೆ ಮೀಟರಿಲ್ಲದ ಪಂಪು ಎಷ್ಟು ಬಳಸಿತೆಂದು ಹೇಳುವವರಾರು? ಅಂದಾಜೇ ಗತಿ. ಅಂದಾಜು ಹಿಗ್ಗಿದಷ್ಟೂ ಸೋರಿಕೆ ಕುಗ್ಗಿದಂತೆ ಕಾಣುತ್ತದೆ. ಎಲ್ಲಿಯೋ ಕಳುವಾದ ವಿದ್ಯುತ್ತೂ ರೈತನ ಹೆಸರಿನಲ್ಲಿ ಖರ್ಚು ಬೀಳಬಹುದು. ಹೀಗಿರುವಲ್ಲಿ ಅಳತೆಯನ್ನು ತಡೆದವರೇ ಲೆಕ್ಕ ಕೇಳಲು ಹೊರಟರೆ, ಅಳೆಯದೆ ಜೋಳ ಸುರಿದು ಉಗ್ರಾಣದವರನ್ನು ಕಳ್ಳರೆಂದಂತೆ ಆಗುತ್ತದೆ.

ಆದರೂ ರೈತನ ಅಂಜಿಕೆ ಬುಡವಿಲ್ಲದ್ದಲ್ಲ. ಇಂದು ಮೀಟರು ಬಂದರೆ ನಾಳೆ ಬಿಲ್ಲು ಬಂದೀತು. ಉಚಿತವೆಂದ ಸರ್ಕಾರ ಬದಲಾದರೆ ಮಾತೂ ಬದಲಾದೀತು. ಈ ಅಂಜಿಕೆಯನ್ನು ನೀಗಬೇಕಾದದ್ದು ಆಳುವವರ ಕರ್ತವ್ಯ.

ಆದೇಶ ಹೊರಬಿದ್ದಿತು. ದರ ಏರಿತು, ಕೇಳಿದಷ್ಟು ಏರಲಿಲ್ಲ. ಅದರಲ್ಲಿ ನನ್ನ ಆಕ್ಷೇಪಣೆಯೂ, ಅದಕ್ಕೆ ಕಂಪನಿಯ ಉತ್ತರವೂ, ಆಯೋಗದ ಅಭಿಪ್ರಾಯವೂ ಅಚ್ಚಾಗಿದ್ದುವು. ಬಾಡಿದ ಶೇಂಗಾ ಮರಳಿ ಚಿಗುರಲಿಲ್ಲವೆಂಬುದು ನಿಜ. ಆದರೆ ಹಳ್ಳಿಯ ಒಕ್ಕಲಿಗನ ಮಾತಿಗೆ ಬರಹದಲ್ಲಿ ಉತ್ತರ ಕೊಡಬೇಕಾಯಿತೆಂಬುದು ಸಣ್ಣ ಸಂಗತಿಯಲ್ಲ.

ಊರಿಗೆ ಬಂದು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಜನರನ್ನು ಸೇರಿಸಿ, ಚಪ್ಪಾಳೆಯ ಸಂಗತಿಯನ್ನು ಬಿಟ್ಟು ನಾಚಿಕೆಯ ಸಂಗತಿಯನ್ನು ಮೊದಲು ಹೇಳಿದೆ. ದೊಡ್ಡಪ್ಪನ ಮಗ ಎದ್ದು ನಿಂತು, "ತಮ್ಮಾ, ನೀ ಊರ ಕಡಿಯವನೋ, ಕಂಪನಿ ಕಡಿಯವನೋ?" ಎಂದು ಕೇಳಿ ನಡೆದುಬಿಟ್ಟನು. ಬಹಳ ಚರ್ಚೆಯ ಮೇಲೆ, ಪ್ರತಿ ಪಂಪಿಗೂ ಬೇಡ, ಟಿ.ಸಿ.ಗೆ ಒಂದು ಮೀಟರು ಇರಲಿ ಎಂಬಲ್ಲಿಗೆ ಊರು ಒಪ್ಪಿತು. ನನ್ನ ಬಾವಿಗೆ ಮಾತ್ರ ನಾನೇ ಬರೆದುಕೊಟ್ಟು ಮೀಟರು ಹಾಕಿಸಿಕೊಂಡೆ. ಅಣ್ಣ ಇಂದಿಗೂ ನನ್ನೊಡನೆ ಮನಬಿಚ್ಚಿ ಮಾತನಾಡುವುದಿಲ್ಲ. ಆ ನೋವು ನನಗಿದೆ. ಅವನು ಕೇಳಿದ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ.

ಅನುಭವ ಮಂಟಪದಲ್ಲಿ ಬೇರೆ ಬೇರೆ ಕಾಯಕದವರು ಸಮಸಮನಾಗಿ ಕುಳಿತು ಪ್ರಶ್ನಿಸಿದರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಶರಣರು ಮೊದಲು ತಮ್ಮನ್ನೇ ಪ್ರಶ್ನಿಸಿಕೊಂಡರೆಂಬುದನ್ನು ಮಾತ್ರ ಮರೆಯುತ್ತೇವೆ. ಮಠದ ಅನ್ನವನ್ನುಂಡು ಓದಿದ ನಮ್ಮಲ್ಲಿ ವಕೀಲರಿದ್ದಾರೆ, ಶಿಕ್ಷಕರಿದ್ದಾರೆ, ಎಂಜಿನಿಯರುಗಳಿದ್ದಾರೆ. ದರದ ಪ್ರಕಟಣೆ ಬಂದಾಗ ಅದನ್ನು ಊರವರಿಗೆ ಓದಿ ಹೇಳುವುದು, ಒಂದು ಆಕ್ಷೇಪಣೆಯನ್ನು ಬರೆದುಕೊಡುವುದು, ಅವರೊಡನೆ ವಿಚಾರಣೆಗೆ ಹೋಗುವುದು ಇವೂ ದಾಸೋಹವೇ. ಹೋಗುವಾಗ ನಮ್ಮ ಅಳತೆಯ ಸೇರು ಸರಿಯಿರಲಿ. ಆಗ ಯಾರ ಲೆಕ್ಕವನ್ನಾದರೂ ತಲೆಯೆತ್ತಿ ಕೇಳಬಹುದು.