ಕನ್ನಡಿಗೆ ಅಂಟಿಸಿದ ಮುಖ

ಚಲನಚಿತ್ರಗಳ ಹುಚ್ಚು ನನಗೆ ಎಂದೂ ಇರಲಿಲ್ಲ. ಅದು ನನ್ನ ಅಣ್ಣನ ಸೊತ್ತು. ಹುಬ್ಬಳ್ಳಿಯಲ್ಲಿ ನಾನು ಕಾಲೇಜು ಓದುತ್ತಿದ್ದ ದಿನಗಳಲ್ಲಿ ಅವನು ಬ್ರೂಸ್ ಲೀಯ ಪರಮಭಕ್ತನಾಗಿದ್ದ. 'ಎಂಟರ್ ದ ಡ್ರ್ಯಾಗನ್' ಚಿತ್ರವನ್ನು ನಾಲ್ಕು ಸಲ ನೋಡಿ ಬಂದು, ಹಿತ್ತಲ ಬೇವಿನ ಮರಕ್ಕೆ ಮರಳು ತುಂಬಿದ ಗೋಣಿಚೀಲ ಕಟ್ಟಿ, ಮುಂಜಾನೆ ಮುಷ್ಟಿ ಕೆಂಪಾಗುವವರೆಗೆ ಗುದ್ದುತ್ತಿದ್ದ. ನಮ್ಮ ಅವ್ವನಿಗೆ ಆ ಚೀಲದ ಮೇಲೆ ಬಲು ಸಿಟ್ಟು. ಜೋಳ ತುಂಬಬಹುದಾಗಿದ್ದ ಚೀಲವದು.

1981ರಲ್ಲಿ ತಂದೆಯವರು ಹಠಾತ್ತನೆ ಲಿಂಗೈಕ್ಯರಾದರು. ಅಣ್ಣ ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕುಳಿತ. ಮರಕ್ಕೆ ಕಟ್ಟಿದ ಚೀಲ ಮಳೆಗೆ ನೆನೆದು ಹರಿಯಿತು. ಆರು ತಿಂಗಳು ಅವನು ನಕ್ಕದ್ದನ್ನು ನಾನು ಕಾಣಲಿಲ್ಲ. ಒಂದು ಭಾನುವಾರ, ಬೆಳಗಿನ ಆಟಕ್ಕೆ 'ಗೇಮ್ ಆಫ್ ಡೆತ್' ಬಂದಿದೆ ಎಂದು ತಿಳಿದು, ಅವ್ವನೇ ನಮ್ಮಿಬ್ಬರ ಕೈಗೆ ಹಣ ಕೊಟ್ಟು ಕಳುಹಿದಳು.

ಆ ಚಿತ್ರದ ಹಿನ್ನೆಲೆ ನಮಗಾಗ ತಿಳಿದಿರಲಿಲ್ಲ. ಬ್ರೂಸ್ ಲೀ 1972ರಲ್ಲಿ ಅದನ್ನು ತಾನೇ ನಿರ್ದೇಶಿಸಲು ಆರಂಭಿಸಿದ್ದ. ಅವನ ಕಲ್ಪನೆಯಲ್ಲಿ ಅದೊಂದು ಐದು ಅಂತಸ್ತಿನ ಗೋಪುರದ ಕಥೆ. ಅಂತಸ್ತಿಗೊಬ್ಬ ಮಲ್ಲ, ಒಬ್ಬೊಬ್ಬನದು ಒಂದೊಂದು ವಿದ್ಯೆ. ನಡುವೆ 'ಎಂಟರ್ ದ ಡ್ರ್ಯಾಗನ್' ಒದಗಿ ಬಂದುದರಿಂದ ಕೆಲಸ ನಿಂತಿತು. ಆ ಚಿತ್ರ ಬಿಡುಗಡೆಯಾಗುವ ಮೊದಲೇ, 1973ರ ಜುಲೈ 20ರಂದು, ಹಾಂಗ್‌ಕಾಂಗಿನಲ್ಲಿ ಅವನು ತೀರಿಕೊಂಡ. ವಯಸ್ಸು ಕೇವಲ 32. ಐದು ವರ್ಷಗಳ ಮೇಲೆ ನಿರ್ಮಾಪಕರು ರಾಬರ್ಟ್ ಕ್ಲೌಸ್ ಎಂಬ ನಿರ್ದೇಶಕನ ಕೈಗೆ ಆ ತುಣುಕುಗಳನ್ನು ಒಪ್ಪಿಸಿ, ಗೋಪುರವನ್ನು ಕೈಬಿಟ್ಟು, ಹಫ್ತಾ ವಸೂಲಿಯ ಪಾತಕಿಗಳ ಕೂಟವೊಂದರ ಕಥೆಯನ್ನು ಹೊಸೆದರು. ಅದರ ನಾಯಕ ಬಿಲ್ಲಿ ಲೋ ಎಂಬ ಚಿತ್ರನಟ. ಕೂಟಕ್ಕೆ ಮಣಿಯದ ಅವನಿಗೆ ಚಿತ್ರೀಕರಣದ ನಡುವೆಯೇ ನಿಜವಾದ ಗುಂಡು ಹಾರಿಸುತ್ತಾರೆ. ಅವನು ಸತ್ತಂತೆ ನಟಿಸಿ ಸೇಡು ತೀರಿಸಿಕೊಳ್ಳುತ್ತಾನೆ. (1993ರಲ್ಲಿ ಲೀಯ ಮಗ ಬ್ರ್ಯಾಂಡನ್ ಚಿತ್ರೀಕರಣದ ವೇಳೆಯಲ್ಲಿಯೇ ಬಂದೂಕಿನ ಅವಘಡದಿಂದ ಮಡಿದನೆಂಬುದನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು.)

ಸುಮಾರು ನೂರು ನಿಮಿಷಗಳ ಆ ಚಿತ್ರದಲ್ಲಿ ಲೀ ಅದಕ್ಕೆಂದೇ ಅಭಿನಯಿಸಿದ ಭಾಗ ಹನ್ನೊಂದು ನಿಮಿಷಗಳಷ್ಟು ಮಾತ್ರ. ಉಳಿದೆಡೆ ಬೇರೆಯವರು. ಕಪ್ಪು ಕನ್ನಡಕ, ಅಂಟಿಸಿದ ಗಡ್ಡ, ತಲೆಗೆ ಹೆಲ್ಮೆಟ್, ಇಲ್ಲವೆ ಬೆನ್ನು. ಹತ್ತು ನಿಮಿಷ ಕಳೆದಿರಲಿಲ್ಲ, ಅಣ್ಣ ಕುರ್ಚಿಯ ಅಂಚಿಗೆ ಸರಿದು, "ಇಂವ ಅಲ್ಲೋ ತಮ್ಮಾ, ಇಂವ ಬ್ಯಾರೆಯಾಂವ" ಎಂದ. ಮುಂದೆ ಒಂದು ದೃಶ್ಯದಲ್ಲಿ ನಾಯಕ ಕನ್ನಡಿಯ ಮುಂದೆ ಕುಳಿತಿದ್ದಾನೆ. ಪ್ರತಿಬಿಂಬದ ಮುಖವಿರಬೇಕಾದಲ್ಲಿ ಬ್ರೂಸ್ ಲೀಯ ಚಿತ್ರವನ್ನು ಕತ್ತರಿಸಿ ಗಾಜಿಗೆ ಅಂಟಿಸಿದ್ದಾರೆ! ದೇಹ ಅಲುಗುತ್ತದೆ, ಮುಖ ಅಲುಗುವುದಿಲ್ಲ. ಚಿತ್ರಮಂದಿರದ ತುಂಬ ಸಿಳ್ಳೆ, ನಗೆ. ಅಣ್ಣ ಮಾತ್ರ ನಗಲಿಲ್ಲ. "ನಮ್ಮ ಅಪ್ಪಾರ ಫೋಟೋ ಇದ್ದಂಗ ಐತಿ" ಎಂದ.

ಈ ಮಾತನ್ನು ವಿವರಿಸಬೇಕು. ತಂದೆಯವರದು ಒಂಟಿಯಾಗಿ ತೆಗೆಸಿದ ಭಾವಚಿತ್ರ ಒಂದೂ ಇರಲಿಲ್ಲ. ಯಾರದೋ ಮದುವೆಯ ಗುಂಪಿನಲ್ಲಿ ನಿಂತಿದ್ದ ಅವರ ಮುಖವನ್ನು ಸ್ಟುಡಿಯೋದವನು ಕತ್ತರಿಸಿ, ಕೋಟು ತೊಟ್ಟ ಯಾರದೋ ಶರೀರಕ್ಕೆ ಜೋಡಿಸಿ, ಕುಂಚದಿಂದ ಹಣೆಗೆ ವಿಭೂತಿ ಬರೆದು ಕೊಟ್ಟಿದ್ದ. ತಂದೆಯವರು ಆಯುಷ್ಯದಲ್ಲಿ ಒಮ್ಮೆಯೂ ಕೋಟು ತೊಟ್ಟವರಲ್ಲ. ಆ ಪಟ ಗೋಡೆಗೇರಿದ ದಿನದಿಂದ ಅಣ್ಣ ಅದರ ಕಡೆ ಕಣ್ಣೆತ್ತಿರಲಿಲ್ಲ.

ಚಿತ್ರ ಮುಂದುವರಿಯಿತು. ನಾಯಕನ ಸುಳ್ಳು ಸಾವಿಗೆ ಬ್ರೂಸ್ ಲೀಯ ನಿಜವಾದ ಶವಯಾತ್ರೆಯ ದೃಶ್ಯಗಳನ್ನೇ ಬಳಸಿದ್ದರು. ಅತ್ತು ನಿಂತ ಜನರು, ಶವಪೆಟ್ಟಿಗೆ, ಅದರೊಳಗೆ ಆ ಮುಖ. ಅಣ್ಣ ಎದ್ದು ಹೊರಗೆ ಹೋದ. ಚಿತ್ರ ಎಷ್ಟೇ ಕಳಪೆಯಾಗಿರಲಿ, ಕ್ಷಮಿಸಬಹುದು. ಇದನ್ನು ಮಾತ್ರ ನಾನು ಇಂದಿಗೂ ಕ್ಷಮಿಸಿಲ್ಲ. ಕೊನೆಯಲ್ಲಿ ಹಳದಿ ಉಡುಪಿನ ಲೀ ನಿಜವಾಗಿ ಕಾಣಿಸಿಕೊಂಡು, ಏಳಡಿ ಎರಡಂಗುಲ ಎತ್ತರದ ಕರೀಮ್ ಅಬ್ದುಲ್ ಜಬ್ಬಾರನೊಡನೆ ಹೋರಾಡುವ ಭಾಗವನ್ನು ನಾನೊಬ್ಬನೇ ನೋಡಿದೆ. ಹೊರಗೆ ಬಂದಾಗ ಅಣ್ಣ ಸೈಕಲ್ ಹಿಡಿದು ನಿಂತಿದ್ದ.

ಮನೆಗೆ ಬಂದವನೇ ಆ ಪಟವನ್ನು ಗೋಡೆಯಿಂದ ಇಳಿಸಲು ಕೈ ಹಾಕಿದ. ಅವ್ವ ತಡೆದಳು. "ಕೋಟು ಯಾರದರ ಇರಲಿ, ಮುಖಾ ಅವರದೈತಿ. ನನಗ ಅಷ್ಟ ಸಾಕು" ಎಂದಳು. ಅಣ್ಣ ಕೈ ತೆಗೆದ. ಪಟ ಅಲ್ಲಿಯೇ ಉಳಿಯಿತು. ಅವ್ವ ಇರುವವರೆಗೂ ದಿನವೂ ಅದರ ಮುಂದೆ ದೀಪ ಹಚ್ಚಿದಳು.

ಲೀ ಚಿತ್ರೀಕರಿಸಿದ್ದ ಗೋಪುರದ ಭಾಗಗಳು ಬಳಿಕ ದೊರೆತವು. 2000ದಲ್ಲಿ ಜಾನ್ ಲಿಟಲ್ ಎಂಬವರು ತಮ್ಮ ಸಾಕ್ಷ್ಯಚಿತ್ರವೊಂದರಲ್ಲಿ ಅವನ್ನು ಲೀಯ ಟಿಪ್ಪಣಿಗಳ ಪ್ರಕಾರ ಜೋಡಿಸಿ ತೋರಿಸಿದರು. ಅರ್ಧ ಗಂಟೆಗೂ ಮಿಕ್ಕಿದ ಹೋರಾಟ. ಈಚೆಗೆ ನನ್ನ ಮೊಮ್ಮಗ ಅದನ್ನು ಮೊಬೈಲಿನಲ್ಲಿ ಹುಡುಕಿಕೊಟ್ಟ. ನಾನು ಅಣ್ಣನಿಗೆ ಹೇಳಿಕಳುಹಿಸಿದೆ. ಮೊಣಕಾಲು ನೋವಿನವನು, ಕೋಲೂರಿಕೊಂಡು ಬಂದ. ಕನ್ನಡಕ ಒರೆಸಿಕೊಂಡು, ಅಂಗೈಯಗಲದ ಆ ಪರದೆಯನ್ನು ಮೂಗಿನ ಹತ್ತಿರ ಹಿಡಿದು, ಮುಗಿಯುವವರೆಗೆ ಒಂದು ಮಾತೂ ಆಡಲಿಲ್ಲ.

"ಇದು ಅಂವನ" ಎಂದ ಕಡೆಗೆ. ಆಮೇಲೆ ಹುಡುಗನ ಕಡೆ ಮೊಬೈಲು ಚಾಚಿ, "ಇನ್ನೊಮ್ಮೆ ಹಚ್ಚಪಾ" ಎಂದ.