ಹಸಿರು ಗುರುತು ಮತ್ತು ಬಾರದ ಪತ್ರ

ನಿವೃತ್ತಿಯ ನಂತರ ಕೋಣನಕುಂಟೆಯ ನಮ್ಮ ಮನೆಯಲ್ಲಿಯೇ ಕುಳಿತು ನಾನೊಂದು ಸಣ್ಣ ಸೇವೆಯನ್ನು ಕೈಗೊಂಡಿದ್ದೇನೆ. ಬಾಡಿಗೆಗೆ ಪಡೆದ ಲಿನಕ್ಸ್ ಸರ್ವರೊಂದರಲ್ಲಿ ಬಂಧುಬಳಗದ ಇಪ್ಪತ್ತು ಮನೆಗಳ ಇ-ಮೇಲ್ ವಿಳಾಸಗಳೂ ಒಂದೆರಡು ಜಾಲತಾಣಗಳೂ ಇವೆ. ಕಂಟ್ರೋಲ್ ಪ್ಯಾನೆಲ್ ಎಂಬ ಪರದೆಯಿರುವುದರಿಂದ ಹೊಸ ವಿಳಾಸ ಕೊಡುವುದು, ಮರೆತ ಪಾಸ್‌ವರ್ಡ್ ಬದಲಿಸುವುದು ಗುಂಡಿ ಒತ್ತಿದಷ್ಟು ಸುಲಭ. ಎಲ್ಲವೂ ಸರಿಯಿದ್ದರೆ ಅಲ್ಲಿ ಹಸಿರು ಗುರುತು ಕಾಣುತ್ತದೆ. ಆ ಹಸಿರನ್ನು ನಾನು ಅತಿಯಾಗಿ ನಂಬಿದೆ.

ಕಳೆದ ವರ್ಷ ಒಂದು ಸೋಮವಾರ ಎದುರುಮನೆಯ ಹುಡುಗಿ ಬಂದು, "ದೊಡ್ಡಪ್ಪ, ಸಂದರ್ಶನದ ಪತ್ರ ಬರಬೇಕಿತ್ತು. ಶನಿವಾರದಿಂದ ಒಂದು ಇ-ಮೇಲೂ ಬಂದಿಲ್ಲ" ಎಂದಳು. ಪರದೆ ತೆರೆದೆ, ಹಸಿರು. ಡಿಸ್ಕಿನಲ್ಲಿ ಅರ್ಧಕ್ಕೂ ಹೆಚ್ಚು ಜಾಗ ಖಾಲಿ. "ಅವರೇ ಕಳುಹಿಸಿಲ್ಲಮ್ಮ" ಎಂದು ದೊಡ್ಡ ತಿಳಿವಳಿಕಸ್ಥನಂತೆ ಹೇಳಿಬಿಟ್ಟೆ.

ಬುಧವಾರ ಅವಳು ಮತ್ತೆ ಬಂದಾಗಲೇ ನಾನು ಲಾಗ್ ಕಡತವನ್ನು ತೆರೆದದ್ದು. ಜಾಗವಿಲ್ಲ, ಜಾಗವಿಲ್ಲ ಎಂಬ ಸಾಲುಗಳೇ ತುಂಬಿದ್ದವು! ಮುಗಿದದ್ದು ಡಿಸ್ಕಿನ ಜಾಗವಲ್ಲ, ಐನೋಡ್‌ಗಳು. ಗ್ರಂಥಾಲಯದ ಕಪಾಟು ಖಾಲಿಯಿದ್ದರೂ ದಾಖಲೆ ಪುಸ್ತಕದ ಸಾಲುಗಳು ಮುಗಿದರೆ ಹೊಸ ಗ್ರಂಥ ಸೇರಿಸಲಾಗದಷ್ಟೆ. ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಈ ಸಾಲುಗಳ ಸಂಖ್ಯೆ ಆರಂಭದಲ್ಲಿಯೇ ನಿಗದಿಯಾಗುತ್ತದೆ. ಸಾಮಾನ್ಯವಾಗಿ 16 ಕಿಲೋಬೈಟಿಗೆ ಒಂದು. ಕಡತ ಎಷ್ಟು ಚಿಕ್ಕದಾದರೂ ಒಂದು ಸಾಲು ಹೋಯಿತು. ಜಾಲತಾಣವೊಂದರ ಲಕ್ಷಾಂತರ ಪುಟಾಣಿ ಸೆಷನ್ ಕಡತಗಳು ಎಲ್ಲವನ್ನೂ ನುಂಗಿದ್ದವು. ಅವುಗಳನ್ನು ಕಾಲಕಾಲಕ್ಕೆ ಅಳಿಸಬೇಕಾಗಿದ್ದವನು ನಾನೇ. ಹಸಿರು ಗುರುತು ಹೇಳುತ್ತಿದ್ದುದು ತಂತ್ರಾಂಶ ಓಡುತ್ತಿದೆ ಎಂದಷ್ಟೇ, ಅಂಚೆ ತಲುಪುತ್ತಿದೆ ಎಂದಲ್ಲ.

ಸರ್ವರಿನಲ್ಲಿರುವುದು ವೀಟ್ಸ ವೆನೆಮಾ ಎಂಬುವರು ರಚಿಸಿದ, 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್. ಅದು ಪತ್ರಗಳನ್ನು ಹರಿದೆಸೆಯದೆ "ಆಮೇಲೆ ಬನ್ನಿ" ಎಂದಷ್ಟೇ ಹೇಳಿತ್ತು. ಕಳುಹಿಸುವ ಕಡೆಯವರು ನಾಲ್ಕೈದು ದಿನವಾದರೂ ಮರಳಿ ಪ್ರಯತ್ನಿಸಬೇಕೆಂಬುದು ಇ-ಮೇಲಿನ ನಿಯಮ. ಕಸ ತೆಗೆದ ಕೆಲವು ಗಂಟೆಗಳಲ್ಲಿ ಪತ್ರಗಳು ಒಂದೊಂದಾಗಿ ಬಂದವು. ಅವಳದೂ ಬಂದಿತು. ಸಂದರ್ಶನ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಇತ್ತು.

ಈಗ ಗಂಟೆಗೊಮ್ಮೆ ಐನೋಡ್‌ಗಳನ್ನೂ ಎಣಿಸುವಂತೆ ಮಾಡಿದ್ದೇನೆ. ಎಚ್ಚರಿಕೆ ಬರುವುದು ಮೊಬೈಲಿನ ಎಸ್‌ಎಂಎಸ್‌ಗೆ. ಮೊದಲು ಅದನ್ನು ಇ-ಮೇಲಿಗೇ ಇಟ್ಟಿದ್ದೆ. ನಿಂತುಹೋದ ಅಂಚೆ ತಾನು ನಿಂತ ಸುದ್ದಿಯನ್ನು ಹೇಗೆ ತಂದೀತು!

ಅಂದು ಸಂಜೆ ಅವರ ಮನೆಗೆ ಹೋಗಿ ತಪ್ಪು ನನ್ನದೆಂದು ಹೇಳಿದೆ. ತಂದೆ ಮಾತನಾಡಲಿಲ್ಲ. ತಾಯಿ ಕಾಫಿ ತಂದಿಟ್ಟರು. ಹುಡುಗಿ ಮಾತ್ರ ಕೇಳಿದಳು: "ಸೋಮವಾರವೇ ಆ ಕಡತ ನೋಡಿದ್ದರೆ ಪತ್ರ ಸಿಗುತ್ತಿತ್ತೇ, ದೊಡ್ಡಪ್ಪ?"

"ಸಿಗುತ್ತಿತ್ತಮ್ಮ" ಎಂದೆ.