ಗಾಳಿ ಬರುವ ಮುನ್ನ

‘ಗಾಳಿ ಬಂದಾಗ ತೂರಿಕೋ’ ಎಂದ ಹಿರಿಯರಿಗೆ ಕಣದಲ್ಲಿ ರಾಶಿಯಿತ್ತು, ಕೈಯಲ್ಲಿ ಮೊರವಿತ್ತು, ಕಾಯುವ ತಾಳ್ಮೆಯೂ ಇತ್ತು. ಹಾಯಿದೋಣಿಯ ಪಂದ್ಯಕ್ಕೆ ಇಳಿದವರಿಗೆ ಈ ಗಾದೆ ಸಾಲದು. ಬಂದ ಗಾಳಿಯಲ್ಲಿ ತೂರಿಕೊಳ್ಳಲು ಎಲ್ಲರಿಗೂ ಬರುತ್ತದೆ. ಗೆಲ್ಲುವವರು ಮಾತ್ರ ಅದು ಬರುವ ಜಾಗಕ್ಕೆ ಮೊದಲೇ ಹೋಗಿ ಏನೂ ಅರಿಯದವರಂತೆ ನಿಂತಿರುತ್ತಾರೆ. ಹದಿನಾರರ ವಯಸ್ಸಿನಲ್ಲಿ ಒಂದು ಸೀಸನ್ ಪೂರ್ತಿ ಊರಿಂದೂರಿಗೆ ಅಲೆದು, ಒಂದು ರೆಗಟ್ಟಾದಿಂದ, ಅಂದರೆ ದೋಣಿಪಂದ್ಯದಿಂದ, ಇನ್ನೊಂದಕ್ಕೆ ಹಾರಿ, ನಾನು ಹತ್ತಿಸಿಕೊಂಡದ್ದು ಈ ಒಂದು ಚಟವನ್ನು: ಕಾಣದ ಗಾಳಿಯನ್ನು ಮುಂಚಿತವಾಗಿ ಕಾಣುವ ಚಟ.

ಅಪ್ಪ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿದ್ದರು. ಸೇನೆಯ ಎಂಜಿನಿಯರುಗಳಿಗೆ ಹಾಯಿಯ ಹುಚ್ಚು ಹಳೆಯದು. 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ ಭೂಮಿಯನ್ನೇ ಸುತ್ತಿ ಬಂದವರು ಅವರು. ಆ ಹುಚ್ಚಿನ ಒಂದು ತುಣುಕು ಹಲಸೂರು ಕೆರೆಯಲ್ಲಿ ಈಗಲೂ ತೇಲುತ್ತಿರುತ್ತದೆ. ನನ್ನ ಮೊದಲ ದೋಣಿ ಆಪ್ಟಿಮಿಸ್ಟ್, ನಮ್ಮ ಬಾಯಲ್ಲಿ ಆಪ್ಟಿ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ಮಕ್ಕಳಿಗೆಂದೇ ಪ್ಲೈವುಡ್ಡಿನಲ್ಲಿ ರೂಪಿಸಿದ್ದು. ಉದ್ದ 2.3 ಮೀಟರ್, ತೂಕ 35 ಕಿಲೊ, ಮೂತಿ ಮೊಂಡು. ಹಾಸನದಿಂದ ಬಂದ ಅಜ್ಜಿ ಅದರ ಫೋಟೊ ನೋಡಿ, “ಇದೇನ್ ಪುಟ್ಟಿ, ದನಕ್ಕೆ ಕಲಗಚ್ಚು ಇಡೋ ಬಾನಿ ಇದ್ದಂಗೈತೆ! ಇದ್ರಾಗ್ ಕುಂತ್ಕಂಡು ಎಲ್ಲಿಗ್ ಹೋಗ್ತೀಯೆ?” ಎಂದಿದ್ದರು.

ಹದಿನೈದು ತುಂಬುವ ವರ್ಷ ಮುಗಿದರೆ ಆಪ್ಟಿಗೆ ಕೈಮುಗಿಯಬೇಕು. ಮುಂದಿನದು ಇಲ್ಕಾ, ಹಳಬರಿಗೆ ಅದು ಇನ್ನೂ ಲೇಸರ್ರೇ. ಒಬ್ಬರೇ ನಡೆಸುವ, 4.23 ಮೀಟರ್ ಉದ್ದದ ದೋಣಿ. ಒಡಲು ಒಂದೇ, ಹಾಯಿ ಮೂರು. ಹಾಯಿಗಂಬದ ಕೆಳತುಂಡನ್ನೂ ಹಾಯಿಯನ್ನೂ ಬದಲಿಸಿಕೊಂಡರೆ ಅದೇ ದೋಣಿ ಇಲ್ಕಾ 4, 6 ಅಥವಾ 7 ಆಗುತ್ತದೆ. 4ಕ್ಕೆ 4.7 ಚದರ ಮೀಟರಿನ ಹಾಯಿ, 7ಕ್ಕೆ 7 ಚದರ ಮೀಟರಿಗೂ ತುಸು ಹೆಚ್ಚು. ಯಾರಿಗೆ ಯಾವುದು ಒಗ್ಗುತ್ತದೆ ಎಂಬುದನ್ನು ತಕ್ಕಡಿ ಹೇಳುತ್ತದೆ. ಗಾಳಿ ಹಾಯಿಯನ್ನು ಒಂದು ಕಡೆಗೆ ಒರಗಿಸುವಾಗ, ಪಾದವನ್ನು ಪಟ್ಟಿಗೆ ಸಿಕ್ಕಿಸಿ, ಇನ್ನೊಂದು ಅಂಚಿನಾಚೆ ಬೆನ್ನು ಚಾಚಿ ಜೋತುಬೀಳಲು ಮೈಭಾರವೇ ಬಂಡವಾಳ. ಮನೆಯಲ್ಲಿ ಹೋಳಿಗೆ ಮಾಡಿದ ದಿನ ಎರಡು ಹೆಚ್ಚಿಗೆ ತಿನ್ನಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಬೇರೆ ಕ್ರೀಡೆಯಲ್ಲಿ ಸಿಕ್ಕಿಲ್ಲ.

ಹಾಯಿಯ ಎರಡೂ ಮೈಗೆ ಒಂದೊಂದು ಉಣ್ಣೆಯ ಎಳೆ ಅಂಟಿಸಿರುತ್ತೇವೆ. ಗಾಳಿಗೆ ಎದುರಾಗಿ ಸಾಗುವಾಗ ನಮ್ಮ ಜೀವವೆಲ್ಲ ಅವುಗಳಲ್ಲೇ. ಗಾಳಿಯ ಕಡೆಯ ಎಳೆ ಮೇಲೆದ್ದು ಕುಣಿದರೆ ದೋಣಿಯ ಮೂತಿ ಗಾಳಿಗೆ ಅತಿ ಹತ್ತಿರ ತಿರುಗಿದೆ. ಆಚೆಯ ಎಳೆ ತತ್ತರಿಸಿದರೆ ತೀರಾ ದೂರ ಹೋಗಿದೆ. ಎರಡೂ ಹಿಂದಕ್ಕೆ ನೇರ ಹರಿದರೆ ಚುಕ್ಕಾಣಿ ಹಿಡಿದ ಬೆರಳುಗಳಿಗೆ ಒಂದು ಸಣ್ಣ ಕಂಪನ ಹತ್ತುತ್ತದೆ, ನೀರಿನ ಸದ್ದು ಬದಲಾಗುತ್ತದೆ. ಆ ಗಳಿಗೆಯ ಆಸೆಗೇ ನಾವೆಲ್ಲ ಭಾನುವಾರದ ನಿದ್ದೆ ಬಿಟ್ಟು ಏಳುವುದು. ಆದರೆ ಎಳೆಗಳು ಹೇಳುವುದು ಈಗಿನ ಗಾಳಿಯನ್ನು ಮಾತ್ರ. ಮುಂದಿನದು ನೀರಿನ ಮೇಲೆ ಕಪ್ಪು ಮಚ್ಚೆಯಾಗಿ ಸರಿದು ಬರುತ್ತಿರುತ್ತದೆ. “ಹಾಯಿ ಆಮೇಲೆ ನೋಡಮ್ಮ, ಮೊದಲು ನೀರು ನೋಡು” ಎಂದು ಕೋಚ್ ಸರ್ ರಬ್ಬರ್ ದೋಣಿಯಿಂದ ಕೂಗುತ್ತಿದ್ದದ್ದು ಅದಕ್ಕೇ.

ಹಲಸೂರು ಕೆರೆಯ ಗಾಳಿ ನಗರದ್ದು. ಕಟ್ಟಡಗಳ ಸಂದಿಯಿಂದ ನುಗ್ಗಿ, ನಡುಗಡ್ಡೆಗಳ ಮರಗಳನ್ನು ಸುತ್ತಿ, ಎರಡು ನಿಮಿಷ ಒಂದೇ ದಿಕ್ಕಿನಲ್ಲಿ ನಿಲ್ಲದೆ ಅಡ್ಡಾಡುತ್ತದೆ. ಅಲ್ಲಿ ನಾವು ನಂಬುತ್ತಿದ್ದದ್ದು ದಂಡೆಯ ಗುರುದ್ವಾರದ ಬಾವುಟವನ್ನು. ಅದು ಹೊರಳಿತೆಂದರೆ ಟ್ಯಾಕ್ ಮಾಡಲು, ಅಂದರೆ ದೋಣಿಯ ಮೂತಿಯನ್ನು ಗಾಳಿಯ ಇನ್ನೊಂದು ಬದಿಗೆ ಹೊರಳಿಸಲು, ಕಾಲು ಮಡಚಿಕೊಳ್ಳುತ್ತಿದ್ದೆವು. ಹೀಗೆ ಪಳಗಿ ಜುಲೈಯಲ್ಲಿ ಹೈದರಾಬಾದಿನ ಹುಸೇನ್ ಸಾಗರಕ್ಕೆ ಹೋದೆ. ಮುಂಗಾರಿನ ಪಡುವಣ ಗಾಳಿಗೆಂದು ದೇಶದ ಎಳೆಯ ಹಾಯಿಗಾರರೆಲ್ಲ ಅಲ್ಲಿ ಸೇರುತ್ತಾರೆ. ಸಂಜೀವಯ್ಯ ಪಾರ್ಕಿನಲ್ಲಿ 2016ರಲ್ಲಿ ನೆಟ್ಟ 291 ಅಡಿಯ ಕಂಬದ ಮೇಲೆ ಬೃಹತ್ ರಾಷ್ಟ್ರಧ್ವಜವಿದೆ. ಹಲಸೂರಿನ ಅಭ್ಯಾಸದಂತೆ ಕಣ್ಣು ಅದಕ್ಕೇ ಹೋಯಿತು. ಆದರೆ ಅಷ್ಟೆತ್ತರದ ಗಾಳಿಯ ಸುದ್ದಿ ಬೇರೆ, ನೀರಿನ ಮೇಲಿನದು ಬೇರೆ. ನೆಕ್ಲೆಸ್ ರಸ್ತೆಯ ಕಡೆಯ ದಂಡೆಯ ಹತ್ತಿರ ಗಾಳಿ ಮರಗಳ ಮೇಲಿಂದ ತುಂಡುತುಂಡಾಗಿ ಬೀಳುತ್ತಿತ್ತು. ಧ್ವಜ ಪಟಪಟಿಸುತ್ತಿದ್ದರೂ ಕೆಳಗೆ ನಮ್ಮ ಹಾಯಿಗಳು ಸುಮ್ಮನೆ ಜೋತಿದ್ದವು. ಆ ಊರಿನ ಪುಟ್ಟ ಆಪ್ಟಿ ಮಕ್ಕಳು ಧ್ವಜದ ಕಡೆ ತಲೆಯನ್ನೂ ಎತ್ತದೆ ಪಕ್ಕದಲ್ಲಿ ಸಾಗಿಹೋದರು.

ಪಂದ್ಯದಲ್ಲಿ ನನಗೆ ಅತಿ ಪ್ರಿಯವಾದದ್ದು ಶುರುವಾಗುವ ಮೊದಲಿನ ಐದು ನಿಮಿಷ. ಪಂದ್ಯ ನಡೆಸುವ ಸಮಿತಿಯ ದೋಣಿಯಲ್ಲಿ ಹಾರ್ನ್ ಕೂಗಿ ನಮ್ಮ ದೋಣಿವರ್ಗದ ಬಾವುಟ ಏರುತ್ತದೆ. ನಾಲ್ಕು ನಿಮಿಷ ಉಳಿದಾಗ ಇನ್ನೊಂದು ಬಾವುಟ. ಅದು ಕರಿಯದಾಗಿದ್ದರೆ ಎದೆ ಡವಗುಟ್ಟುತ್ತದೆ. ಏಕೆಂದರೆ ಕೊನೆಯ ನಿಮಿಷದಲ್ಲಿ ಆರಂಭದ ಗೆರೆ ದಾಟಿ ಸಿಕ್ಕಿಬಿದ್ದವರಿಗೆ ಹಿಂದಿರುಗಿ ಬರುವ ಅವಕಾಶವೂ ಇಲ್ಲ, ಆ ರೇಸೇ ಹೋದಂತೆ. ಒಂದು ನಿಮಿಷ ಇರುವಾಗ ಆ ಬಾವುಟ ಇಳಿಯುತ್ತದೆ. ಆಗ ಆ ಕಾಣದ ಗೆರೆಯ ಹಿಂದೆ ದೋಣಿಗಳೆಲ್ಲ ಹಾಯಿ ಸಡಿಲಿಸಿ, ಬ್ರೇಕಿಲ್ಲದ ವಾಹನವನ್ನು ನಿಂತಲ್ಲೇ ನಿಲ್ಲಿಸುವ ಕಸರತ್ತಿನಲ್ಲಿರುತ್ತವೆ. ಹಾಯಿಗಳ ಪಟಪಟ, ಹಿಂದಿ, ತಮಿಳು, ತೆಲುಗು, ಮರಾಠಿಯ ಬೈಗುಳ, ನಡುವೆ ‘ಸ್ಟಾರ್‌ಬೋರ್ಡ್!’ ಎಂಬ ಚೀರು. ಬಲಬದಿಗೆ ಗಾಳಿ ತಾಗುತ್ತಿರುವ ದೋಣಿಗೆ ಎಡಬದಿಯವರು ದಾರಿ ಬಿಡಲೇಬೇಕು. ಆ ಕೂಗು ಹಾಕುವಾಗ ನನ್ನಂಥ ಮೆಲುದನಿಯವಳಿಗೂ ಸಂತೆಯ ಗಂಟಲು ಬರುತ್ತಿತ್ತು.

ಈ ಆಟದಲ್ಲಿ ಬೆನ್ನಿಗೊಬ್ಬ ಅಂಪೈರ್ ಇರುವುದಿಲ್ಲ. ಬೇರೆಯವರ ದಾರಿಗೆ ಅಡ್ಡಬಂದರೆ ನೀವೇ ಎರಡು ಸುತ್ತು ಹೊಡೆದು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ತಿರುವಿನ ಗುರುತಾಗಿ ತೇಲಿಬಿಟ್ಟ ಬುರುಡೆಗೆ ಮೈ ತಾಗಿದರೆ ಒಂದು ಸುತ್ತು. ಹೈದರಾಬಾದಿನಲ್ಲಿ ನನ್ನ ಮುಂದಿದ್ದ ಹುಡುಗಿಯ ಬೂಮ್, ಹಾಯಿಯ ಅಡಿಯ ಅಡ್ಡಗೋಲು, ಆ ಬುರುಡೆಯನ್ನು ಸವರಿತು. ಕಂಡದ್ದು ನನಗೊಬ್ಬಳಿಗೆ, ನಾನು ಕಂಡದ್ದು ಅವಳಿಗೆ ಗೊತ್ತಿಲ್ಲ. ಅವಳು ಪಕ್ಕಕ್ಕೆ ಸರಿದು, ಗಿರಕ್ಕನೆ ಒಂದು ಸುತ್ತು ಸುತ್ತಿ, ತನ್ನನ್ನು ದಾಟಿಹೋದವರ ಹಿಂದೆ ಮತ್ತೆ ಹೊರಟಳು. ತಪ್ಪು ಒಪ್ಪದಿದ್ದರೆ ಜಗಳ ದಡಕ್ಕೆ ಬರುತ್ತದೆ. ಅಲ್ಲಿ ಮೇಜಿನ ಮೇಲೆ ಬೆರಳುದ್ದದ ಆಟಿಕೆ ದೋಣಿಗಳನ್ನಿಟ್ಟು, ಹನ್ನೊಂದು ಹನ್ನೆರಡರ ಮಕ್ಕಳು ಹಿರಿಯರ ಎದುರು ಗಂಭೀರವಾಗಿ ವಾದ ಮಂಡಿಸುತ್ತಾರೆ. ಅರ್ಧ ಗಂಟೆಯ ಬಳಿಕ ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಪೊಟ್ಟಣದ ಬಿಸ್ಕತ್ತು ತಿನ್ನುತ್ತಿರುತ್ತಾರೆ.

ಅಂಕಗಳ ಲೆಕ್ಕವೂ ತಿರುವುಮುರುವು. ಮೊದಲು ಬಂದವರಿಗೆ 1, ಎರಡನೆಯವರಿಗೆ 2. ಕೊನೆಗೆ ಕಡಿಮೆ ಕೂಡಿಸಿದವರೇ ವಿಜಯಿ. ಸಾಕಷ್ಟು ರೇಸುಗಳು ನಡೆದರೆ ಅತಿ ಕೆಟ್ಟ ಒಂದನ್ನು ಬಿಟ್ಟು ಎಣಿಸುತ್ತಾರೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಇಲ್ಕಾ 4ರಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಹನ್ನೊಂದು ರೇಸುಗಳಿಂದ ಕೂಡಿಸಿದ್ದು 32. ಕೆಟ್ಟ ರೇಸಿನ 5 ಕಳೆದು ಉಳಿದದ್ದು 27. ಕಂಚಿನವರದು 28. ಒಂದೇ ಒಂದು ಅಂಕದ ಅಂತರ! ಸಮುದ್ರವೇ ಇಲ್ಲದ ಮಧ್ಯಪ್ರದೇಶದ ಹುಡುಗಿ ಆಕೆ, ಭೋಪಾಲದ ಕೆರೆಯಲ್ಲಿ ಕಲಿತವಳು. ಹಲಸೂರಿನ ನಮಗೆ ಆ ಬೆಳ್ಳಿ ನಮ್ಮದೇ ಅನ್ನಿಸಿದ್ದು ಸಹಜ. ಇದನ್ನೆಲ್ಲ ಅಜ್ಜಿಗೆ ವಿವರಿಸಿದಾಗ ಅವರು ಗಲ್ಲಕ್ಕೆ ಕೈಯಿಟ್ಟು, “ಕಮ್ಮಿ ನಂಬರ್ ತಗಂಡೋರೇ ಗೆದ್ದೋರಾ? ಹಂಗಾರೆ ನಿಮ್ಮಪ್ಪ ಇಸ್ಕೂಲಲ್ಲೇ ಚಾಂಪಿಯನ್ನು ಬಿಡು” ಎಂದರು.

ಚೆನ್ನೈ ಕಲಿಸಿದ್ದು ಕಾಯುವುದನ್ನು. ಒಲಿಂಪಿಕ್ಸಿಗೆ ಅರ್ಹತೆ ಪಡೆದ ದೇಶದ ಮೊದಲ ಹಾಯಿಗಾರ್ತಿ ನೇತ್ರಾ ಕುಮನನ್ ಅವರ ಊರದು. ಬೆಳಗ್ಗೆ ನೆಲದ ಕಡೆಯಿಂದ ಬರುವ ಗಾಳಿ ಬಿಸಿಲೇರಿದಂತೆ ಸೋತು ಸತ್ತೇಹೋಗುತ್ತದೆ. ಕಡಲು ಎಣ್ಣೆ ಹಚ್ಚಿದಂತೆ ಮಿರುಗುತ್ತದೆ. ಸಮಿತಿಯ ದೋಣಿಯಲ್ಲಿ ಕೆಂಪು ಬಿಳಿ ಪಟ್ಟೆಯ ಮುಂದೂಡಿಕೆಯ ಬಾವುಟ. ನಾವೆಲ್ಲ ದೋಣಿಯಲ್ಲೇ ಮಲಗಿ, ಟೋಪಿ ಮುಖದ ಮೇಲಿಟ್ಟು, ಬಾಳೆಹಣ್ಣು ತಿನ್ನುತ್ತ ಹರಟುತ್ತೇವೆ. ಅಷ್ಟರಲ್ಲಿ ನೆಲ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಏರಿ, ಆ ಜಾಗ ತುಂಬಲು ಕಡಲಿನ ತಂಪುಗಾಳಿ ಹೊರಟಿರುತ್ತದೆ. ಹೊರಟದ್ದು ನಮಗೆ ತಿಳಿಯುವುದು ದಿಗಂತದಲ್ಲೊಂದು ಕಡುನೀಲಿ ಗೆರೆ ಮೂಡಿದಾಗ. ಒಮ್ಮೆ ಆ ಗೆರೆಯನ್ನು ಎಲ್ಲರಿಗಿಂತ ಮೊದಲು ಕಂಡೆ. ಯಾರಿಗೂ ಹೇಳದೆ ಎದ್ದು ಕೂತು, ಹಗ್ಗ ಸರಿಪಡಿಸಿಕೊಂಡೆ. ಪಂದ್ಯ ಶುರುವಾದ ಮೇಲೆ ನನಗಿಂತ ಗಟ್ಟಿ ತೊಡೆಗಳ, ಅಲೆಯೇರಿ ಬೆಳೆದ ಚೆನ್ನೈ ಹುಡುಗಿಯರು ಸಾಲಾಗಿ ನನ್ನನ್ನು ದಾಟಿದರು. ಆದರೂ ಆ ಸಂಜೆ ನಾನು ಪದಕ ಗೆದ್ದವಳಂತೆಯೇ ಓಡಾಡಿದೆ.

ಮುಂಬೈ ಬಂದರಿನಲ್ಲಿ ಗಾಳಿಯೊಂದನ್ನೇ ಓದಿ ಬಚಾವಾಗುವಂತಿಲ್ಲ. ಕಾಲ ಕೆಳಗಿನ ನೀರೂ ನಡೆಯುತ್ತಿರುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಅಲ್ಲಿನ ಉಬ್ಬರ ಇಳಿತ ನಾಲ್ಕೈದು ಮೀಟರ್ ಮುಟ್ಟುವುದುಂಟು. ಅಷ್ಟು ನೀರು ಆರಾರು ಗಂಟೆಗೊಮ್ಮೆ ಒಳಗೆ ಬಂದು ಹೊರಗೆ ಹೋಗಬೇಕಲ್ಲ! ಲಂಗರು ಹಾಕಿದ ಮೀನುದೋಣಿಗಳು ಯಾವ ಕಡೆ ಮುಖ ಮಾಡಿವೆ, ಬುರುಡೆಯ ಯಾವ ಮಗ್ಗುಲಲ್ಲಿ ನೀರು ಸೀಳಿ ಸುಳಿಯಾಗುತ್ತಿದೆ ಎಂದು ನೋಡಿ ಸೆಳೆತವನ್ನು ಅಂದಾಜಿಸುತ್ತಾರೆ. ಗಾಳಿ ಮೆತ್ತಗಿದ್ದ ಒಂದು ಬೆಳಗ್ಗೆ ಸೆಳೆತ ನಮ್ಮನ್ನೆಲ್ಲ ಗೆರೆಯ ಮೇಲಿಂದ ಹಿಂಡು ಹಿಂಡಾಗಿ ಒಯ್ದುಬಿಟ್ಟಿತು. ಸಮಿತಿಯವರು ವಾಪಸ್ ಕರೆದರು. ಮತ್ತೆ ಒಯ್ದಿತು, ಮತ್ತೆ ಕರೆದರು. ಅಲ್ಲಿಯ ಹುಡುಗರು ಮಾತ್ರ ಗೆರೆಯಿಂದ ಬಹಳ ಹಿಂದೆ ನಿಂತು, ಸೆಳೆತವೇ ತಮ್ಮನ್ನು ಸರಿಯಾದ ಹೊತ್ತಿಗೆ ಗೆರೆಗೆ ತಂದುಬಿಡಲೆಂದು ಹಾಯಾಗಿ ಕೂತಿದ್ದರು.

ಆ ಸೀಸನ್ನಿನ ಪಟ್ಟಿಗಳಲ್ಲಿ ನನ್ನ ಹೆಸರು ಹುಡುಕಲು ಮೇಲಿಂದಲೂ ಕೆಳಗಿಂದಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಈಗ ಹೋಳಿಗೆಗಳ ಕೃಪೆಯಿಂದ ಇಲ್ಕಾ 6ರ ಹಾಯಿಗೆ ಬಡ್ತಿ ಸಿಕ್ಕಿದೆ. ಚಟ ಮಾತ್ರ ದಡಕ್ಕೂ ಹತ್ತಿ ಬಂದಿದೆ. ಬಸ್ಸಿಗೆ ಕಾದರೆ ಎದುರಿನ ಅಂಗಡಿಯ ಬ್ಯಾನರ್, ದೇವಸ್ಥಾನಕ್ಕೆ ಹೋದರೆ ಊದುಬತ್ತಿಯ ಹೊಗೆ, ಮಾಳಿಗೆಗೆ ಹೋದರೆ ತಂತಿಯ ಮೇಲಿನ ಬಟ್ಟೆ. ಮೊನ್ನೆ ಮೋಡ ಕವಿದಾಗ ಅಮ್ಮ ಒಣಬಟ್ಟೆ ತರಲು ಮೇಲೆ ಕಳಿಸಿದರು. ಅಪ್ಪನ ಲುಂಗಿ ಪೂರ್ವಕ್ಕೆ ಬೀಸುತ್ತಿದ್ದದ್ದು ಥಟ್ಟನೆ ಸೋತು, ಮತ್ತೆ ಉತ್ತರಕ್ಕೆ ಹೊರಳಿತು. ಮಳೆ ಯಾವ ಕಡೆಯಿಂದ, ಇನ್ನೆಷ್ಟು ನಿಮಿಷಕ್ಕೆ ಬರುತ್ತದೆಂದು ಅಲ್ಲಿಂದಲೇ ಕೂಗಿ ಹೇಳಿದೆ. ಹೇಳಿದ ಹೊತ್ತಿಗೇ, ಹೇಳಿದ ಕಡೆಯಿಂದಲೇ ಬಂತು. ಒದ್ದೆ ಬಟ್ಟೆಗಳನ್ನು ಹೊತ್ತು ಇಳಿದಾಗ ಅಮ್ಮ ಅಂದದ್ದು: “ಅಷ್ಟು ಚೆನ್ನಾಗಿ ಗೊತ್ತಿತ್ತಲ್ಲ, ತೆಗೆಯೋಕೇನಾಗಿತ್ತೇ ನಿಂಗೆ!”